ಭಟ್ಟಿಯ ಮುಂದಿನ ಅಂಗಡಿ

ಬಸವಕಲ್ಯಾಣ, ಹುಮನಾಬಾದುಗಳು 1948ರ ತನಕ ನಿಜಾಮರ ಸೀಮೆಯಲ್ಲಿದ್ದವು. ಆ ಋಣ ಇಲ್ಲಿಯ ಬೇಕರಿಗಳ ಗಾಜಿನ ಬರಣಿಗಳಲ್ಲಿ ಇಂದಿಗೂ ಉಳಿದಿದೆ: ಖಾರಿ, ನಾನ್‌ಖಟಾಯಿ, ಕೊನೆಯ ನಿಜಾಮ ಉಸ್ಮಾನ್ ಅಲೀಖಾನರ ಹೆಸರು ಹೊತ್ತ ಉಸ್ಮಾನಿಯಾ ಬಿಸ್ಕತ್ತು. ಆದರೆ ನನ್ನ ಕಣ್ಣು ತಿನಿಸಿಗಿಂತ ಅಂಗಡಿಯ ಒಳಗಟ್ಟಿನ ಮೇಲೆ.

ಹಳೆಯ ರೀತಿಯ ಬೇಕರಿಯಲ್ಲಿ ಎಲ್ಲವೂ ಭಟ್ಟಿಯನ್ನನುಸರಿಸಿ ನಿಲ್ಲುತ್ತದೆ. ಇಟ್ಟಿಗೆಯ ಗುಮ್ಮಟದೊಳಗೆ ಸೌದೆ ಉರಿಸಿ, ಕೆಂಡವನ್ನು ಬದಿಗೆ ತಳ್ಳಿ, ಗೋಡೆ ಹೀರಿಕೊಂಡ ಕಾವಿನಲ್ಲಿ ಬೇಯಿಸುವುದು ಕ್ರಮ. ಮೊದಲ ಕಾವಿಗೆ ಪಾವು, ಇಳಿಗಾವಿಗೆ ಬಿಸ್ಕತ್ತು, ಕಟ್ಟಕಡೆಗೆ ಟೋಸ್ಟು. ಉದ್ದ ಹಿಡಿಯ ಮರದ ಹಲಗೆ ಹಿಂದುಮುಂದಾಗಿ ಆಡಬೇಕಾದುದರಿಂದ ಭಟ್ಟಿಯ ಬಾಯಿಗೆದುರಾಗಿ ಅಷ್ಟುದ್ದದ ಜಾಗ ಬಿಡಲೇಬೇಕು. ನಾದುವ ಮೇಜು ಸೆಕೆ ತಾಗದಷ್ಟು ದೂರ. ಉಬ್ಬಲಿಟ್ಟ ಹಿಟ್ಟು ಬೆಚ್ಚಗಿರುವಷ್ಟು ಹತ್ತಿರ. ಅಳತೆಪಟ್ಟಿ ಹಿಡಿದವರು ಇದಕ್ಕಿಂತ ನೇರ್ಪಾದ ವಿನ್ಯಾಸವನ್ನು ಬರೆಯಬಲ್ಲರೆ?

ಈಗ ವಿದ್ಯುತ್ತಿನ ಒಲೆ ಬಂದಿದೆ. ಹೊಗೆ ತಪ್ಪಿತು, ಬೇಸಗೆಯ ಬೇಗೆ ತಗ್ಗಿತು. ಕೆಲಸಗಾರನ ಕಣ್ಣಿಗೂ ಉಸಿರಿಗೂ ಅದು ಸಣ್ಣ ಉಪಕಾರವಲ್ಲ. ಭಟ್ಟಿಗಾಗಿ ಕೊರಗುವ ನಾವು ಅದರ ಬಾಯಿಯ ಮುಂದೆ ರಾತ್ರಿಯೆಲ್ಲ ನಿಂತವರೇನೂ ಅಲ್ಲ! ಆದರೆ ಒಲೆಯೊಂದಿಗೆ ಕೆಲಸಗಾರನೂ ಗೋಡೆಯ ಹಿಂದೆ ಮರೆಯಾಗಬೇಕೆ? ಮುಂಭಾಗದಲ್ಲೆಲ್ಲ ಕನ್ನಡಿ, ದೀಪ, ಬಣ್ಣದ ಕೇಕು. ಹುಮನಾಬಾದಿನ ಹೆದ್ದಾರಿಯಲ್ಲಿಳಿದ ಪ್ರಯಾಣಿಕನಿಗೆ ಇಂತಹ ಅಂಗಡಿ ಪುಣೆಯದೋ ಹೈದರಾಬಾದಿನದೋ ತಿಳಿಯದು. ಆ ನಡುಗೋಡೆಯಲ್ಲಿ ಎರಡು ಮೊಳದಗಲದ ಗಾಜು ಕೂರಿಸಲು ಹೆಚ್ಚು ಹಣ ಬೇಡ. ಹಿಟ್ಟು ನಾದುವ ಕೈ ಕೊಳ್ಳುವವನಿಗೆ ಕಂಡೀತು.