ಚರ್ಮದ ಮೇಲೊಂದು ಹೊಲಿಗೆ

ನಮ್ಮ ಅನೇಕ ಮನೆಗಳ ಮೂಲೆಯಲ್ಲಿ ಹೊಲಿಗೆಯಂತ್ರವೊಂದು ಹೊದಿಕೆ ಹೊದ್ದು ಕುಳಿತಿರುವುದನ್ನು ಓದುಗರು ಕಂಡಿರಬಹುದು. ಕಾನ್ವೆಂಟಿನ ಹೊಲಿಗೆ ತರಗತಿಯಲ್ಲಿ ಧರ್ಮಭಗಿನಿಯರಿಂದ ಕಲಿತು ಬಂದ ಹೆಣ್ಣುಮಗಳು ಕೆಲಕಾಲ ಅಕ್ಕಪಕ್ಕದವರ ರವಿಕೆ, ಮಕ್ಕಳ ಫ್ರಾಕು, ಶಾಲೆಯ ಸಮವಸ್ತ್ರಗಳನ್ನು ಹೊಲಿದುಕೊಟ್ಟಿರುತ್ತಾಳೆ. ಬಳಿಕ ಸಿದ್ಧ ಉಡುಪಿನ ಅಂಗಡಿಗಳು ಬಂದವು, ಯಂತ್ರ ಮೌನವಾಯಿತು. ಬೆಂಗಳೂರಿನ ಉಡುಪು ಕಾರ್ಖಾನೆಗಳನ್ನು ಸೇರಿದವರಿಗೆ ತಿಂಗಳ ಸಂಬಳವೇನೋ ದೊರೆಯಿತು. ಆದರೆ ಅಲ್ಲಿ ಒಬ್ಬಾಕೆ ದಿನವಿಡೀ ಕಾಲರು ಕೂಡಿಸುತ್ತಾಳೆ, ಮತ್ತೊಬ್ಬಾಕೆ ತೋಳು. ಹತ್ತು ವರ್ಷ ದುಡಿದವಳೂ ಒಂದು ಇಡೀ ಅಂಗಿಯನ್ನು ಅಳತೆಯಿಂದ ಗುಂಡಿಯವರೆಗೆ ತಾನೇ ಮುಗಿಸಿರಲಾರಳು.

ಹಾಗಾದರೆ ಗಿರಾಕಿಯ ಮೈಯಳತೆಗೆ ತಕ್ಕಂತೆ ಹೊಲಿದುಕೊಡುವ ಕಸುಬಿಗೆ ಭವಿಷ್ಯವಿಲ್ಲವೇ? ಇದೆ, ಆದರೆ ರಾಶಿರಾಶಿಯಾಗಿ ತಯಾರಿಸುವವರು ಕೈಯಿಡಲು ಇಚ್ಛಿಸದ ಕೆಲಸಗಳಲ್ಲಿ ಮಾತ್ರ. ಒಬ್ಬನೇ ಗಿರಾಕಿಗೆಂದು ಅಳೆದು ಹೊಲಿಯುವ ಚರ್ಮದ ಉಡುಪು ಅಂಥವುಗಳಲ್ಲೊಂದು.

ಚರ್ಮವು ಬಟ್ಟೆಯಂತೆ ಕ್ಷಮಿಸುವ ವಸ್ತುವಲ್ಲ. ಬಟ್ಟೆಯಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಿ, ಉಗುರಿನಿಂದ ಉಜ್ಜಿ ಇಸ್ತ್ರಿ ಹಾಕಿದರೆ ರಂಧ್ರಗಳು ಮುಚ್ಚಿಹೋಗುತ್ತವೆ. ಚರ್ಮದಲ್ಲಿ ಸೂಜಿ ಹಾದ ರಂಧ್ರ ಕೊನೆಯವರೆಗೂ ಉಳಿಯುತ್ತದೆ. ಆದುದರಿಂದ ಗುಂಡುಸೂಜಿ ಚುಚ್ಚುವಂತಿಲ್ಲ. ಅಂಚುಗಳನ್ನು ಕ್ಲಿಪ್ಪಿನಿಂದಲೋ ಅಂಟಿನಿಂದಲೋ ಹಿಡಿದಿಡಬೇಕು. ಬಟ್ಟೆಯ ಸೂಜಿ ಇಲ್ಲಿ ಸಲ್ಲದು. ತುದಿಯಲ್ಲಿ ಅಲಗಿನಂಥ ಮೊನೆಯುಳ್ಳ ಬೇರೆಯೇ ಸೂಜಿ ಬೇಕು. ಹೊಲಿಗೆಯ ಹೆಜ್ಜೆಯೂ ದೂರವಿರಬೇಕು, 3ರಿಂದ 4 ಮಿಲಿಮೀಟರಿನಷ್ಟು. ಒಮ್ಮೆ ನನ್ನ ಹಳೆಯ ಜಾಕೆಟ್ಟಿನ ಜಿಪ್ಪು ಕಿತ್ತುಹೋದಾಗ ಅಂಗಡಿಯೊಂದರಲ್ಲಿ ದುರಸ್ತಿಗೆ ಕೊಟ್ಟಿದ್ದೆ. ಬಲವಾಗಿರಲೆಂಬ ಸದುದ್ದೇಶದಿಂದಲೇ ಆತ ಒತ್ತೊತ್ತಾಗಿ ಎರಡು ಸಾಲು ಹೊಲಿದಿದ್ದ. ತೊಟ್ಟ ಮೂರನೆಯ ದಿನ ಅದು ಅಂಚೆಚೀಟಿಯ ಹಾಳೆಯಂತೆ ಆ ಸಾಲಿನುದ್ದಕ್ಕೂ ಹರಿದು ಕೈಗೆ ಬಂತು. ಹೊಲಿದವನು ನುರಿತ ದರ್ಜಿಯೇ. ಬಟ್ಟೆಯ ವಿದ್ಯೆಯನ್ನು ಚರ್ಮಕ್ಕೆ ಅನ್ವಯಿಸಿದ್ದ, ಅಷ್ಟೇ.

ಕತ್ತರಿಸುವುದಂತೂ ಹೊಲಿಯುವುದಕ್ಕಿಂತ ಕಷ್ಟದ ಕೆಲಸ. ಬಟ್ಟೆ ಮೀಟರಿನ ಲೆಕ್ಕದಲ್ಲಿ ಬರುತ್ತದೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ತೆರನಾಗಿ. ಚರ್ಮ ಬರುವುದು ಚದರಡಿಯ ಲೆಕ್ಕದಲ್ಲಿ, ಒಂದೊಂದು ತೊಗಲೂ ಒಂದೊಂದು ಪ್ರಾಣಿಯ ಜೀವನಚರಿತ್ರೆಯನ್ನು ಹೊತ್ತುಕೊಂಡು. ಬೇಲಿಯ ಮುಳ್ಳು ಗೀರಿದ ಗುರುತು, ಉಣುಗು ಕಚ್ಚಿದ ಕಲೆ, ಕತ್ತಿನ ಸುಕ್ಕು ಎಲ್ಲವೂ ಅದರಲ್ಲಿ ಉಳಿದಿರುತ್ತವೆ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಎದುರಿಗೆ ಕಾಣುವ ಎದೆಭಾಗವನ್ನು ಬೆನ್ನಿನಿಂದಲೂ, ಕಂಕುಳ ಕೆಳಗಿನ ತುಂಡನ್ನು ಅಂಚಿನಿಂದಲೂ ತೆಗೆಯಬಲ್ಲವನೇ ಜಾಣ. ಉಡುಪಿಗೆ ಬಳಸುವ ಕುರಿ, ಆಡುಗಳ ತೊಗಲು 5–6 ಚದರಡಿ ಇದ್ದರೆ, ಪುರುಷರ ಜಾಕೆಟ್ಟೊಂದಕ್ಕೆ ಅಂಥ 6–7 ತೊಗಲುಗಳಾದರೂ ಬೇಕು. ಅವೆಲ್ಲವೂ ಒಂದೇ ಬಣ್ಣಕ್ಕೆ ಹೊಂದಬೇಕು. ಒಂದು ತುಂಡು ಕೆಟ್ಟರೆ ಅದೇ ಛಾಯೆಯ ಇನ್ನೊಂದು ಸಿಗುವುದೆಂಬ ಭರವಸೆಯಿಲ್ಲ. ಆದಕಾರಣ ಅನುಭವಿಗಳು ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಇಡೀ ಜಾಕೆಟ್ಟನ್ನು ಹೊಲಿದು, ಗಿರಾಕಿಯ ಮೈಮೇಲೆ ತೊಡಿಸಿ, ಕೈ ಎತ್ತಿಸಿ, ಕುಳ್ಳಿರಿಸಿ ನೋಡುತ್ತಾರೆ. ತಪ್ಪುಗಳೆಲ್ಲ ಅಲ್ಲಿಯೇ ಮುಗಿಯಬೇಕು.

ಗಿರಾಕಿಯ ಅಗತ್ಯವನ್ನು ಅರಿತು ಕಸುಬು ಕಟ್ಟಿದವರಿಗೆ ನ್ಯೂಯಾರ್ಕಿನ ಶಾಟ್ ಸಹೋದರರು ಒಳ್ಳೆಯ ನಿದರ್ಶನ. ಇರ್ವಿಂಗ್ ಮತ್ತು ಜ್ಯಾಕ್ ಶಾಟ್ 1913ರಲ್ಲಿ ನೆಲಮಾಳಿಗೆಯೊಂದರಲ್ಲಿ ಮಳೆಯಂಗಿ ಹೊಲಿಯುತ್ತ, ಅದನ್ನು ಮನೆಮನೆಗೆ ಹೊತ್ತು ಮಾರುತ್ತ ಆರಂಭಿಸಿದವರು. 1928ರಲ್ಲಿ ಮೋಟರ್‌ಸೈಕಲ್ ಸವಾರರಿಗೆಂದು ಇರ್ವಿಂಗ್ ರೂಪಿಸಿದ ಚರ್ಮದ ಜಾಕೆಟ್ಟು ಹಾರ್ಲೆ-ಡೇವಿಡ್‌ಸನ್ ವ್ಯಾಪಾರಿಯೊಬ್ಬರ ಮಳಿಗೆಯಲ್ಲಿ ಐದೂವರೆ ಡಾಲರಿಗೆ ಮಾರಾಟವಾಯಿತು. ತನ್ನ ಮೆಚ್ಚಿನ ಚುಟ್ಟದ ಹೆಸರನ್ನೇ ಅದಕ್ಕಿಟ್ಟ: ಪರ್ಫೆಕ್ಟೋ. ಅದರ ಜಿಪ್ಪು ನಡುವೆ ನೇರವಾಗಿ ಇರದೆ ಓರೆಯಾಗಿ ಸಾಗಿ, ಎದೆಯ ಮೇಲೆ ಚರ್ಮ ಎರಡು ಪದರವಾಗುತ್ತದೆ. ಗಾಳಿಗೆ ಎದೆಯೊಡ್ಡುವ ಸವಾರನಿಗೆ ಬೇಕಾದುದೂ ಅದೇ.

ನಮ್ಮಲ್ಲಿಯೂ ಮೋಟರ್‌ಸೈಕಲ್ ಸವಾರರ ಸಂಖ್ಯೆ ಕಡಿಮೆಯೇನಿಲ್ಲ. ಹೊಸದಾಗಿ ಆರಂಭಿಸುವವರಿಗೆ ದುರಸ್ತಿ ಕೆಲಸವೇ ಉತ್ತಮ ಪಾಠಶಾಲೆ: ಜಿಪ್ಪು ಬದಲಿಸುವುದು, ಒಳಪದರ ಹೊಸದಾಗಿ ಹಾಕುವುದು, ತೋಳು ಗಿಡ್ಡ ಮಾಡುವುದು. ಚೆನ್ನೈನ ಅಡಯಾರಿನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಈ ಉದ್ಯಮಕ್ಕೆ ತರಬೇತಿಯನ್ನೂ ನೀಡುತ್ತ ಬಂದಿದೆ. ಅದೇ ನಗರದ ಪೆರಿಯಮೇಡು ಚರ್ಮದ ಪೇಟೆ. ಯಂತ್ರದ ವಿಷಯದಲ್ಲಿ ಆತುರ ಬೇಡ. ತೆಳುವಾದ ಕುರಿಚರ್ಮವನ್ನು ಗಟ್ಟಿಮುಟ್ಟಾದ ಮನೆಯ ಯಂತ್ರವೇ ತಕ್ಕಮಟ್ಟಿಗೆ ಹೊಲಿಯುತ್ತದೆ. ದಪ್ಪ ಚರ್ಮದ ಚೀಲ, ಪಟ್ಟಿಗಳಿಗೆ ಮಾತ್ರ ಬೇರೆ ಯಂತ್ರ ಅನಿವಾರ್ಯ. ಅಂಟು ಬಳಿಯುವಾಗ ಕಿಟಕಿ ತೆರೆದಿರಲಿ, ಆ ಹೊಗೆವಾಸನೆ ಒಳ್ಳೆಯದಲ್ಲ.

ಕೂಲಿಯ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ರವಿಕೆಗೆ ಇಷ್ಟು ಎಂಬ ರೂಢಿಯ ದರಕ್ಕೆ ಒಗ್ಗಿದ ಕೈ, ಹಲವು ದಿನ ಹಿಡಿಯುವ ಕೆಲಸಕ್ಕೂ ಸಂಕೋಚದಿಂದಲೇ ಬೆಲೆ ಹೇಳುತ್ತದೆ. ಚರ್ಮದ ಪೂರ್ತಿ ಹಣವನ್ನು ಮುಂಗಡವಾಗಿ ಪಡೆಯದೆ ಕತ್ತರಿ ಹಿಡಿಯಬಾರದು. ಕೋರಾ ಬಟ್ಟೆಯ ಮಾದರಿಗೆ ತಗಲಿದ ವೇಳೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ನೆಂಟರೆಂಬ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಮುಚ್ಚಿದ ಹೊಲಿಗೆ ಅಂಗಡಿಗಳು ನಮ್ಮಲ್ಲಿ ಹಲವು.

ಇನ್ನು, ಚರ್ಮವೆಂದೊಡನೆ ಮೂಗು ಮುರಿಯುವವರ ಮಾತು. ಈ ಕಸುಬನ್ನು ಕೆಲವೇ ಜಾತಿಗಳ ತಲೆಗೆ ಕಟ್ಟಿ, ಅವರು ಮಾಡಿದ ಪಾದರಕ್ಷೆಯನ್ನು ಮೆಟ್ಟಿ, ಅವರನ್ನು ಊರ ಹೊರಗಿಟ್ಟ ನಾಡು ನಮ್ಮದು. ಕ್ರೈಸ್ತರಾದ ನಾವೂ ಆ ದೋಷದಿಂದ ಮುಕ್ತರೆಂದು ಹೇಳಿಕೊಳ್ಳಲಾಗದು. ಆದರೆ 12ನೆಯ ಶತಮಾನದ ಶರಣರಲ್ಲಿ ಸಮಗಾರ ಹರಳಯ್ಯನೂ ಸೂಜಿಕಾಯಕದ ರಾಮಿತಂದೆಯೂ ಇದ್ದರು. ಯೊಪ್ಪದಲ್ಲಿ ಸಂತ ಪೇತ್ರರು ಬಹುದಿನ ತಂಗಿದ್ದು ಕಡಲ ಬದಿಯ ಚರ್ಮಕಾರ ಸಿಮೋನನ ಮನೆಯಲ್ಲಿ. ಚರ್ಮ ಹದಮಾಡುವವರೊಡನೆ ಬೆರೆಯಲು ಹಿಂಜರಿಯುತ್ತಿದ್ದ ಸಮಾಜವದು. ಈ ಉದ್ಯಮದ ಮೇಲೆ ನಿಜವಾದ ದೂರೊಂದಿದ್ದರೆ ಅದು ಬೇರೆ: ತಮಿಳುನಾಡಿನ ಪಾಲಾರ್ ನದಿಗೆ ಚರ್ಮದ ಕಾರ್ಖಾನೆಗಳು ಹರಿಯಬಿಟ್ಟ ಕೊಳಕಿನ ವಿರುದ್ಧ 1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಬೇಕಾಯಿತು. ತೊಗಲು ಕೊಳ್ಳುವವನು ಅದು ಎಲ್ಲಿ ಹದವಾಯಿತೆಂದು ಕೇಳುವುದರಲ್ಲಿ ತಪ್ಪಿಲ್ಲ.

ಮನೆಯಲ್ಲಿ ಯಾರೂ ತೊಡದ ಹಳೆಯ ಚರ್ಮದ ಜಾಕೆಟ್ಟಿದ್ದರೆ ಹೊರಗೆಸೆಯಬೇಡಿ. ಹೊಲಿಗೆ ಬಲ್ಲ ಮಗನಿಗೋ ಮಗಳಿಗೋ ಕೊಟ್ಟು, ಒಂದೊಂದೇ ಹೊಲಿಗೆ ಬಿಚ್ಚಲು ಹೇಳಿ. ತುಂಡುಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ಪ್ರತಿಯೊಂದನ್ನೂ ಕಾಗದದ ಮೇಲೆ ಗುರುತು ಹಾಕಿಕೊಳ್ಳಲಿ. ಯಾವುದು ತೊಗಲಿನ ಯಾವ ಭಾಗದಿಂದ ಬಂತೆಂದು ಬೆರಳಿನಿಂದ ಎಳೆದು ನೋಡಲಿ.