ಕಾಮಕಸ್ತೂರಿಯ ಬೀಜ, ಲೋಳೆ, ಲಕೋಟೆ

ಒಂದು ಲೋಟ ನೀರಿಗೆ ಚಿಟಿಕೆ ಕಾಮಕಸ್ತೂರಿ ಬೀಜ ಉದುರಿಸಿ ನೋಡಿ. ಎಳ್ಳಿಗಿಂತ ಸಣ್ಣದಾದ ಆ ಕಪ್ಪು ಕಾಳು ಕೆಲವೇ ಕ್ಷಣಗಳಲ್ಲಿ ಬೂದು ಬಣ್ಣದ ಲೋಳೆಯನ್ನು ಹೊದ್ದುಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಲೋಟದ ತುಂಬ ಕಪ್ಪೆಯ ಮೊಟ್ಟೆಗಳು ತೇಲಿದಂತಿರುತ್ತದೆ. ಬೇಸಿಗೆಯಲ್ಲಿ ಪಾನಕಕ್ಕೋ ಫಲೂದಾಕ್ಕೋ ಇದನ್ನು ಹಾಕುವವರಿಗೆ ಇದು ನೋಡಿ ಗೊತ್ತಿರುವ ಸಂಗತಿ. ಆದರೆ ಕುಂಡದಲ್ಲಿ ಇದೇ ಬೀಜ ಬಿತ್ತಿ, ಗಿಡ ಬೆಳೆಸಿ, ಮತ್ತೆ ಬೀಜ ಕಟ್ಟಿಸಿ ಇತರರಿಗೆ ಹಂಚುವ ಕೈತೋಟಗಾರರು ಈ ಲೋಳೆಯ ಗುಣವನ್ನು ಚೆನ್ನಾಗಿ ಅರಿತಿರಬೇಕು. ಬಿತ್ತುವ ರೀತಿ, ಒಣಗಿಸುವ ರೀತಿ, ಬೀಜದೊಳಗಿನ ರೋಗವನ್ನು ತೊಲಗಿಸುವ ಕಷ್ಟ, ಇವೆಲ್ಲವನ್ನೂ ನಿರ್ಧರಿಸುವುದು ಅದೇ.

ಪಿಜ್ಜಾದ ಮೇಲಿನ ಬೇಸಿಲ್, ಗ್ರಂಧಿಗೆ ಅಂಗಡಿಯ ಸಬ್ಜಾ, ಹಿತ್ತಿಲಿನ ಕಾಮಕಸ್ತೂರಿ ಮೂರೂ ಒಂದೇ ಪ್ರಭೇದ. 1753ರಲ್ಲಿ ಲಿನೇಯಸ್ ಅದನ್ನು ಆಸಿಮಮ್ ಬೆಸಿಲಿಕಮ್ ಎಂದು ಹೆಸರಿಸಿದ. ತುಳಸಿ ಇದೇ ಕುಲದ ಇನ್ನೊಂದು ಪ್ರಭೇದ. ಪುದೀನ, ತುಂಬೆ, ದೊಡ್ಡಪತ್ರೆಗಳು ಇದೇ ಕುಟುಂಬದವು. ತಳಿಯಿಂದ ತಳಿಗೆ ಘಮ ಬೇರೆಯಾಗುವುದು ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ ತುಂಬಿರುವ ತೈಲದಿಂದ. ಇಟಲಿಯ ಜಿನೋವೀಸ್ ತಳಿಯಲ್ಲಿ ಲಿನಲೂಲ್ ಮತ್ತು ಯೂಜೆನಾಲ್ ಪ್ರಧಾನ. ಲವಂಗಕ್ಕೆ ಅದರ ವಾಸನೆ ಕೊಡುವುದೂ ಇದೇ ಯೂಜೆನಾಲ್. ಏಷ್ಯಾದ ಹಲವು ತಳಿಗಳಲ್ಲಿ ಮೀಥೈಲ್ ಚಾವಿಕಾಲ್ ಹೆಚ್ಚು, ಹಾಗಾಗಿ ಎಲೆ ಉಜ್ಜಿದರೆ ಸೋಂಪಿನ ಘಮ ಬರುತ್ತದೆ. ಅಂಗಡಿಯಲ್ಲಿ ತಿನ್ನಲೆಂದು ಮಾರುವ ಸಬ್ಜಾ ತೀರಾ ಹಳೆಯದಲ್ಲದಿದ್ದರೆ ಬಿತ್ತಿದಾಗ ಸಾಮಾನ್ಯವಾಗಿ ಮೊಳೆಯುತ್ತದೆ. ಆದರೆ ಯಾವ ಘಮದ ಗಿಡ ಬಂದೀತು ಎಂದು ಮುಂಚೆಯೇ ಹೇಳಲಾಗದು. ಇದನ್ನು ಚಿಯಾ ಬೀಜವೆಂದು ಮಾತ್ರ ತಪ್ಪು ತಿಳಿಯಬೇಡಿ. ಅದೂ ಇದೇ ಕುಟುಂಬದ್ದು, ಅದೂ ಲೋಳೆ ಬಿಡುತ್ತದೆ. ಆದರೆ ಅದರ ಕಾಳು ಬೂದು ಬಣ್ಣದ್ದು, ಮೈಮೇಲೆ ಚುಕ್ಕೆ, ಗೆರೆಗಳಿರುತ್ತವೆ.

ಕಾಮಕಸ್ತೂರಿಯ ಹೂಕಡ್ಡಿಯನ್ನು ಗಮನಿಸಿದರೆ ಹೂಗಳು ಸುತ್ತು ಸುತ್ತಾಗಿ ಜೋಡಿಸಿಕೊಂಡಿರುತ್ತವೆ, ಒಂದು ಸುತ್ತಿಗೆ ಸಾಮಾನ್ಯವಾಗಿ ಆರು. ದಳ ಉದುರಿದ ಮೇಲೂ ಹಸಿರು ಪುಷ್ಪಪಾತ್ರೆ ಉಳಿಯುತ್ತದೆ. ಅದರ ತಳದಲ್ಲಿ ಅಂಡಾಶಯ ನಾಲ್ಕು ಪಾಲಾಗಿ ನಾಲ್ಕು ಕಾಳು ಕಟ್ಟುತ್ತವೆ. ಎಲ್ಲ ಹೂವೂ ಫಲಿಸಿದರೆ ಒಂದು ಸುತ್ತಿಗೆ 24 ಕಾಳು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇವು ಬರೀ ಬೀಜಗಳಲ್ಲ, ಒಂದೊಂದೂ ಒಂದು ಪುಟ್ಟ ಒಣಹಣ್ಣು. ಬೀಜ ಇರುವುದು ಅದರ ಒಳಗೆ. ಲೋಳೆ ಹುಟ್ಟುವುದು ಹೊರಗಿನ ಹಣ್ಣಿನ ಸಿಪ್ಪೆಯಲ್ಲಿ.

ಆ ಸಿಪ್ಪೆಯ ಹೊರಪದರದ ಕೋಶಗಳಲ್ಲಿ ಪೆಕ್ಟಿನ್‌ನಂಥ ಶರ್ಕರಪದಾರ್ಥಗಳು ಒತ್ತಾಗಿ ಒಣಗಿ ಕುಳಿತಿರುತ್ತವೆ, ಜೊತೆಗೆ ಸುರುಳಿ ಸುತ್ತಿಕೊಂಡ ಸೆಲ್ಯುಲೋಸ್ ಎಳೆಗಳು. ನೀರು ತಾಗಿದೊಡನೆ ಪೆಕ್ಟಿನ್ ಹಿಗ್ಗುತ್ತದೆ, ಒತ್ತಡ ತಾಳಲಾರದೆ ಕೋಶದ ಹೊರಗೋಡೆ ಬಿರಿಯುತ್ತದೆ, ಸುರುಳಿಗಳು ಬಿಚ್ಚಿಕೊಂಡು ಸುತ್ತಲೂ ಚಾಚುತ್ತವೆ. ಈ ಎಳೆಗಳೇ ಲೋಳೆಯನ್ನು ಕಾಳಿಗೆ ಕಚ್ಚಿ ಹಿಡಿದಿಡುವುದು. ಪಾನಕದಲ್ಲಿ ಎಷ್ಟು ಕದಡಿದರೂ ಅದು ಕರಗಿಹೋಗದಿರಲು ಕಾರಣ ಇದು. ಇಷ್ಟೆಲ್ಲ ಮಾಡುವ ಆ ಕೋಶಗಳಲ್ಲಿ ಜೀವ ಇಲ್ಲ. ನಡೆಯುವುದು ಬರೀ ಭೌತಿಕ ಕ್ರಿಯೆ. ಆದ್ದರಿಂದ ಮೊಳೆಯುವ ಶಕ್ತಿ ಕಳೆದುಕೊಂಡ ಹಳೆಯ ಕಾಳೂ ಹೊಸದರಂತೆಯೇ ಲೋಳೆ ಬಿಡುತ್ತದೆ. ನೀರಿಗೆ ಹಾಕಿದಾಗ ಉಬ್ಬಿತು, ಹಾಗಾಗಿ ಬೀಜ ಚೆನ್ನಾಗಿದೆ ಎಂದು ನಂಬಿ ಹಂಚುವವರಿದ್ದಾರೆ. ಅದು ಪರೀಕ್ಷೆಯೇ ಅಲ್ಲ. ಒದ್ದೆ ಬಟ್ಟೆಯ ಮೇಲೆ ಹತ್ತು ಕಾಳು ಹರಡಿ, ವಾರ ಕಳೆದ ಮೇಲೆ ಎಷ್ಟಕ್ಕೆ ಬಿಳಿ ಬೇರು ಬಂದಿದೆ ಎಂದು ಎಣಿಸುವುದೇ ಸರಿಯಾದ ದಾರಿ.

ಇಷ್ಟು ಸಣ್ಣ ಕಾಳಿಗೆ ಇಷ್ಟು ದೊಡ್ಡ ಏರ್ಪಾಡು ಏಕೆ? ಸಾವಿರ ಕಾಳು ಸೇರಿದರೂ ತೂಕ ಒಂದೂವರೆ ಗ್ರಾಂ ಆಸುಪಾಸು. ಮಳೆ ಹುಯ್ದು ನಿಂತು ಮತ್ತೆ ಬಿಸಿಲು ಬೀಳುವ ಉಷ್ಣವಲಯದ ನೆಲದಲ್ಲಿ ಅಂಥ ಕಾಳು ನೀರಿನೊಂದಿಗೆ ಕೊಚ್ಚಿಹೋಗುವುದೂ ಸುಲಭ, ಒಣಗುವುದೂ ಸುಲಭ. ಲೋಳೆ ಅದನ್ನು ಬಿದ್ದಲ್ಲೇ ಮಣ್ಣಿಗೆ ಅಂಟಿಸುತ್ತದೆ, ಸುತ್ತ ಒಂದಿಷ್ಟು ತೇವವನ್ನು ಕೂಡಿಡುತ್ತದೆ. ಲೋಳೆ ಒಣಗುವಾಗ ಮರಳ ಕಣಗಳು ಕಾಳಿಗೆ ಕಚ್ಚಿಕೊಳ್ಳುತ್ತವೆ. ಲೋಳೆ ಬಿಡುವ ಬೀಜಗಳ ಮೇಲಿನ ಪ್ರಯೋಗಗಳಲ್ಲಿ, ಹೀಗೆ ಮರಳು ಮೆತ್ತಿದ ಕಾಳುಗಳನ್ನು ಇರುವೆಗಳು ಹೊತ್ತೊಯ್ಯುವುದು ಕಡಿಮೆ ಎಂದು ಕಂಡಿದೆ.

ಬಿತ್ತುವವರು ಇದನ್ನೇ ಅನುಸರಿಸಿದರೆ ಸಾಕು. ಕೈ ಒಣಗಿರಲಿ, ಬೀಜವೂ ಒಣಗಿರಲಿ. ಒದ್ದೆ ಬೆರಳಿಗೆ ತಾಗಿದರೆ ಹತ್ತಾರು ಕಾಳು ಒಟ್ಟಿಗೆ ಮುದ್ದೆಯಾಗುತ್ತವೆ, ಆಮೇಲೆ ಬಿಡಿಸಲಾಗದು. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿದ ಹದವಾದ ಮಿಶ್ರಣವನ್ನು ಮೊದಲೇ ತೇವ ಮಾಡಿಟ್ಟು, ಅದರ ಮೇಲೆ ಕಾಳನ್ನು ದೂರದೂರ ಉದುರಿಸಿ, ಕಾಣದಷ್ಟು ತೆಳುವಾಗಿ ಮಣ್ಣು ಮುಚ್ಚಿ. ಆಮೇಲೆ ಚೊಂಬಿನಿಂದ ಸುರಿಯದೆ ತುಂತುರು ಹೊಡೆಯಿರಿ. 20ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಐದರಿಂದ ಹತ್ತು ದಿನದೊಳಗೆ ಮೊಳಕೆ ಏಳುತ್ತದೆ. ಮೊದಲು ಕಾಣುವ ಎರಡು ಬೀಜದಳಗಳು ಅರ್ಧಚಂದ್ರಾಕಾರ, ಘಮವಿರುವ ನಿಜ ಎಲೆ ಬರುವುದು ಅವುಗಳ ನಡುವಿನಿಂದ. ಈ ಹಂತದಲ್ಲಿ ಸಸಿಯ ದೊಡ್ಡ ಶತ್ರು ಅತಿ ನೀರು. ಪೈಥಿಯಂ ಎಂಬ ಸೂಕ್ಷ್ಮಜೀವಿ ಬುಡವನ್ನು ಕೊಳೆಸಿ, ರಾತ್ರಿ ನೆಟ್ಟಗಿದ್ದ ಸಸಿಯನ್ನು ಬೆಳಗಾಗುವಷ್ಟರಲ್ಲಿ ಮಲಗಿಸುತ್ತದೆ. ಚಳಿಯೂ ಆಗದು: 10 ಡಿಗ್ರಿಗಿಂತ ಕೆಳಗೆ ಎಲೆಯ ಕೋಶಪೊರೆಗಳು ಹಾಳಾಗಿ ಎಲೆ ಕಪ್ಪಾಗುತ್ತದೆ. ಕೊಯ್ದ ಸೊಪ್ಪನ್ನು ಫ್ರಿಜ್ಜಿನಲ್ಲಿಟ್ಟಾಗ ಆಗುವುದೂ ಇದೇ.

ಎಲೆಗಾಗಿ ಬೆಳೆಸುವವರು ಕುಡಿ ಚಿವುಟುತ್ತಾರೆ, ಹೂ ಬರಗೊಡುವುದಿಲ್ಲ. ಬೀಜ ಬೇಕೆಂದರೆ ಒಂದೆರಡು ಒಳ್ಳೆಯ ಗಿಡವನ್ನು ಹಾಗೇ ಬಿಡಬೇಕು. ಕುಡಿ ಚಿವುಟಿದರೂ ಮತ್ತೆ ಮತ್ತೆ ಬೇಗ ಹೂವಿಗೆ ಬರುವ ಗಿಡಕ್ಕಿಂತ, ಬಹುಕಾಲ ಎಲೆ ಕೊಟ್ಟು ತಡವಾಗಿ ಹೂ ಬಿಟ್ಟ ಗಿಡದ ಬೀಜ ಉತ್ತಮ ಎಂಬುದು ನನ್ನ ದೃಢ ಅಭಿಪ್ರಾಯ. ವರ್ಷವರ್ಷವೂ ಬೇಗ ಹೂ ಬಿಟ್ಟಿದ್ದನ್ನೇ ಆರಿಸುತ್ತ ಹೋದರೆ ನಮಗೇ ತಿಳಿಯದೆ ಎಲೆ ಕಡಿಮೆಯಾದ ತಳಿಯನ್ನು ಮಾಡಿಟ್ಟುಕೊಳ್ಳುತ್ತೇವೆ.

ಹೂವಿನ ಕಡೆ ಒಂದು ಬೆಳಗ್ಗೆಯಾದರೂ ಕುಳಿತು ನೋಡಬೇಕು. ಇದೇ ಕುಟುಂಬದ ಸಾಲ್ವಿಯಾದಂಥ ಹೂಗಳಲ್ಲಿ ಕೇಸರಗಳು ಮೇಲ್ದುಟಿಯ ಅಡಿ ಅಡಗಿದ್ದು ಜೇನುನೊಣದ ಬೆನ್ನಿಗೆ ಪರಾಗ ಹಚ್ಚುತ್ತವೆ. ಕಾಮಕಸ್ತೂರಿ, ತುಳಸಿಗಳಲ್ಲಿ ಕೇಸರಗಳು ಕೆಳದುಟಿಯ ಮೇಲೆ ಚಾಚಿರುತ್ತವೆ, ಪರಾಗ ಅಂಟುವುದು ನೊಣದ ಹೊಟ್ಟೆಗೆ. ತುಡುವೆ, ಕೋಲುಜೇನು, ಮಿಸರಿ ಎಲ್ಲವೂ ಇದನ್ನು ಹುಡುಕಿ ಬರುತ್ತವೆ. ಅದೇ ಹೂವಿನ ಶಲಾಕೆ ಸಿದ್ಧವಾಗುವ ಮೊದಲೇ ಪರಾಗ ಹೊರಬೀಳುವುದರಿಂದ ಗಿಡಗಳ ನಡುವೆ ಬೆರಕೆಗೆ ದಾರಿ ತೆರೆದೇ ಇರುತ್ತದೆ. ತಾರಸಿಯ ಒಂದು ಮೂಲೆಯಲ್ಲಿ ಥಾಯ್ ತಳಿ, ಇನ್ನೊಂದು ಮೂಲೆಯಲ್ಲಿ ಜಿನೋವೀಸ್ ಇಟ್ಟು ಎರಡೂ ಹೂ ಬಿಟ್ಟರೆ, ಮುಂದಿನ ಪೀಳಿಗೆಯಲ್ಲಿ ಎರಡೂ ಅಲ್ಲದ ಘಮದ ಗಿಡಗಳು ಹುಟ್ಟಬಹುದು. ಪಕ್ಕದ ಮನೆಯ ತಾರಸಿಯೂ ಈ ಲೆಕ್ಕಕ್ಕೆ ಸೇರುತ್ತದೆ. ಬೆರಕೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಿಂಬೆಯ ಘಮದ ಬೇಸಿಲ್ ಕೂಡ ಕಾಮಕಸ್ತೂರಿ ಇನ್ನೊಂದು ಆಸಿಮಮ್ ಪ್ರಭೇದದೊಂದಿಗೆ ಬೆರೆತು ಹುಟ್ಟಿದ್ದೇ. ಆದರೆ ತಳಿಯ ಹೆಸರು ಹೇಳಿ ಕೊಡುವುದಾದರೆ ಒಂದು ಹಂಗಾಮಿಗೆ ಒಂದೇ ತಳಿಯನ್ನು ಹೂ ಬಿಡಲು ಬಿಡಬೇಕು, ಇಲ್ಲವೇ ಹೂಕಡ್ಡಿಗಳಿಗೆ ತೆಳು ಬಟ್ಟೆಯ ಚೀಲ ಕಟ್ಟಬೇಕು. ತನ್ನದೇ ಪರಾಗದಿಂದಲೂ ಇದು ಕಾಳು ಕಟ್ಟಬಲ್ಲದು. ಚೀಲದೊಳಗಿನ ಕಡ್ಡಿಯನ್ನು ಆಗಾಗ ಅಲುಗಿಸಿದರೆ ಒಳ್ಳೆಯದು.

ಹೂಕಡ್ಡಿ ಬುಡದಿಂದ ತುದಿಗೆ ಮಾಗುತ್ತದೆ. ಕೆಳಗಿನ ಸುತ್ತುಗಳು ಕಂದಾದಾಗ ತುದಿಯಲ್ಲಿ ಇನ್ನೂ ಹೂ ಇರುತ್ತದೆ. ಮುಕ್ಕಾಲು ಭಾಗ ಕಂದಾದ ಕಡ್ಡಿಯನ್ನು ಕತ್ತರಿಸಿ ಕಾಗದದ ಚೀಲದಲ್ಲಿ ತಲೆಕೆಳಗಾಗಿ ನೆರಳಲ್ಲಿ ತೂಗುಹಾಕಿ, ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಮೆಲ್ಲಗೆ ತೂರಿದರೆ ಕಾಳು ಉಳಿಯುತ್ತದೆ. ಟೊಮೆಟೊ ಬೀಜದಂತೆ ನೀರಲ್ಲಿ ತೊಳೆಯುವ ಮಾತೇ ಇಲ್ಲ. ಹಿಂದಿನವರು ಸೋರೆ ಬುರುಡೆಯಲ್ಲಿ ಬೂದಿ ಬೆರೆಸಿ ಬೀಜ ಇಡುತ್ತಿದ್ದುದರ ಹಿಂದೆ ತೇವವನ್ನು ದೂರವಿಡುವ ತಿಳಿವಳಿಕೆ ಇತ್ತು. ಬೀಜವಿಜ್ಞಾನದಲ್ಲಿ ಹ್ಯಾರಿಂಗ್ಟನ್ ನಿಯಮ ಎಂಬುದಿದೆ: ಬೀಜದ ತೇವಾಂಶ ಶೇಕಡ 1ರಷ್ಟು ಇಳಿದರೆ ಅದರ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ, ಇಡುವ ಜಾಗದ ಉಷ್ಣತೆ 5 ಡಿಗ್ರಿ ಇಳಿದರೂ ಹಾಗೆಯೇ. ಚೆನ್ನಾಗಿ ಒಣಗಿಸಿ ಗಾಳಿಯಾಡದ ಶೀಶೆಯಲ್ಲಿಟ್ಟರೆ ಕಾಮಕಸ್ತೂರಿ ನಾಲ್ಕೈದು ವರ್ಷ ಬಾಳುತ್ತದೆ. ಫ್ರಿಜ್ಜಿನಿಂದ ತೆಗೆದ ಶೀಶೆಯನ್ನು ಕೂಡಲೇ ತೆರೆಯಬೇಡಿ. ತಣ್ಣನೆಯ ಕಾಳಿನ ಮೇಲೆ ಗಾಳಿಯ ತೇವ ಹನಿಗಟ್ಟಿ ಲೋಳೆಯೇಳುತ್ತದೆ.

ಬೀಜದೊಂದಿಗೆ ಬೇಡದ್ದೂ ಪಯಣಿಸುತ್ತದೆ. ಪೆರೊನೊಸ್ಪೊರಾ ಬೆಲ್‌ಬಾಹ್ರಿ ಎಂಬ ರೋಗಾಣು ಬೇಸಿಲ್‌ನ ಎಲೆಗೆ ಬೂಜು ರೋಗ ತರುತ್ತದೆ. ಮೊದಲು 1930ರ ದಶಕದಲ್ಲಿ ಉಗಾಂಡದಲ್ಲಿ ಕಂಡ ಈ ರೋಗ, 2001ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 2003ರಲ್ಲಿ ಇಟಲಿಯಲ್ಲಿ, 2007ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕಾಣಿಸಿತು. ಇಷ್ಟು ದೂರ ಇಷ್ಟು ಬೇಗ ಹರಡಲು ಮುಖ್ಯ ಕಾರಣ ಸೋಂಕಿದ ಬೀಜದ ಸಾಗಾಟ. ಎಲೆಯ ಮೇಲ್ಭಾಗ ನರಗಳ ನಡುವೆ ಹಳದಿಯಾದಾಗ ಗೊಬ್ಬರದ ಕೊರತೆ ಎಂದುಕೊಳ್ಳುವುದು ಸಹಜ. ಎಲೆ ತಿರುವಿ ನೋಡಿದರೆ ಅಡಿಯಲ್ಲಿ ಬೂದು-ನೇರಳೆ ಬೂಜು ಕಂಡೀತು. ಹಲವು ತರಕಾರಿ ಬೀಜಗಳನ್ನು ಬಿಸಿನೀರಲ್ಲಿ ಅದ್ದಿ ಸೋಂಕು ಕಳೆಯುತ್ತಾರೆ. ಇಲ್ಲಿ ಬಿಸಿನೀರು ತಾಗಿದೊಡನೆ ಕಾಳು ಲೋಳೆಯ ಮುದ್ದೆಯಾಗುತ್ತದೆ. ಹಾಗಾಗಿ ಕೈತೋಟಗಾರರ ಕೈಲಿರುವುದು ಒಂದೇ ಉಪಾಯ: ಬೂಜು ಕಂಡ ಗಿಡದ ಬೀಜವನ್ನು ಎಷ್ಟೇ ಇಷ್ಟದ್ದಾದರೂ ಯಾರಿಗೂ ಕೊಡದಿರುವುದು.

ಆದರೆ ಇದೇ ರೋಗಕ್ಕೆ ಮದ್ದು ಸಿಕ್ಕಿದ್ದೂ ಬೀಜದಿಂದಲೇ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು ನಿರೋಧಕ ಶಕ್ತಿ ಹುಡುಕಿದಾಗ ಅದು ದೊರೆತದ್ದು ಜಂಜಿಬಾರ್ ಮೂಲದ ‘ಮ್ರಿಹಾನಿ’ ಎಂಬ ತಳಿಯಲ್ಲಿ. ಪೇಟೆಯ ಬೇಸಿಲ್‌ನೊಂದಿಗೆ ಅದನ್ನು ಅಡ್ಡಹಾಯಿಸಿ ರೋಗ ತಡೆಯುವ ಹೊಸ ತಳಿಗಳನ್ನು ತಂದರು. ಯಾರೋ ಬಿಡದೆ ಬಿತ್ತಿ, ಬೀಜ ಉಳಿಸಿ, ಕೈಯಿಂದ ಕೈಗೆ ಕೊಡುತ್ತ ಬಂದಿರದಿದ್ದರೆ ಆ ತಳಿ ಹುಡುಕುವವರ ಕೈಗೆ ಸಿಗುತ್ತಲೇ ಇರಲಿಲ್ಲ. ಬೆಂಗಳೂರಿನ ‘ಊಟ ಫ್ರಮ್ ಯುವರ್ ತೋಟ’ ಸಂತೆಯಲ್ಲಿ, ಸಹಜ ಸಮೃದ್ಧ ನಡೆಸುವ ಬೀಜ ಮೇಳಗಳಲ್ಲಿ ಬೀಜ ಕೈ ಬದಲಿಸುವುದನ್ನು ಕಂಡಾಗ ನನಗೆ ಅದೇ ಕಾರಣಕ್ಕೆ ಸಂತೋಷವಾಗುತ್ತದೆ.

ಕಾನೂನೂ ಇದಕ್ಕೆ ಅಡ್ಡಿಯಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ ಹಕ್ಕನ್ನು ರೈತರಿಗೆ ಸ್ಪಷ್ಟವಾಗಿ ಕೊಟ್ಟಿದೆ; ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ. ಹೈಬ್ರಿಡ್ ಪ್ಯಾಕೆಟ್ಟಿನ ಗಿಡದಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ, ಅದನ್ನು ಕೊಡುವಾಗ ಹೇಳಿಬಿಡಿ. ಉಳಿದಂತೆ ಲಕೋಟೆಯ ಮೇಲೆ ತಳಿಯ ಹೆಸರು, ಕಟಾವಿನ ತಿಂಗಳು ಮತ್ತು ವರ್ಷ, ಹೂ ಬಿಟ್ಟಾಗ ಹತ್ತಿರದಲ್ಲಿ ಬೇರೆ ಬೇಸಿಲ್ ಇತ್ತೇ ಇಲ್ಲವೇ, ಹತ್ತರಲ್ಲಿ ಎಷ್ಟು ಮೊಳೆತವು, ಇಷ್ಟನ್ನು ಪೆನ್ಸಿಲಿನಲ್ಲಿ ಬರೆಯಿರಿ. ಶಾಯಿಯಾದರೆ ತೇವಕ್ಕೆ ಹರಡುತ್ತದೆ. ಪಡೆದವರು ಮೊದಲ ಬಿತ್ತನೆಯ ಕುಂಡವನ್ನು ತಮ್ಮ ಉಳಿದ ಬೇಸಿಲ್ ಗಿಡಗಳಿಂದ ಬೇರೆಯಾಗಿಟ್ಟು, ನಾಲ್ಕಾರು ಜೋಡಿ ಎಲೆ ಬರುವವರೆಗೆ ಎಲೆಯ ಅಡಿಭಾಗವನ್ನು ನೋಡುತ್ತಿರಲಿ.