ಸಸಿಮಡಿಯಿಂದ ಮೈದಾನಕ್ಕೆ
ಋತುವಿನ ಮೊದಲಲ್ಲಿ ಎಳೆಯ ಆಟಗಾರರನ್ನು ಅಳೆಯುವ ಬಗೆ

ಮುಳಬಾಗಿಲು ತಾಲ್ಲೂಕಿನ ಆವನಿಯ ಬೆಟ್ಟದ ಮೇಲೆ ವಾಲ್ಮೀಕಿ ಮಹರ್ಷಿಗಳ ಆಶ್ರಮವಿತ್ತೆಂದೂ, ಸೀತಾದೇವಿ ಅಲ್ಲಿಯೇ ಲವಕುಶರನ್ನು ಹಡೆದಳೆಂದೂ ಆ ಸೀಮೆಯ ಜನರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಬೆಟ್ಟದ ಮೇಲೆ ಸೀತಮ್ಮನ ಗುಡಿಯುಂಟು. ತಪ್ಪಲಿನಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರು ಹೊತ್ತ ಪುರಾತನ ಶಿವಾಲಯಗಳುಂಟು. ಅರಮನೆಯ ನೆರಳನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಇಬ್ಬರು ಹುಡುಗರು ಅಯೋಧ್ಯೆಯ ಸೇನೆಯನ್ನೇ ತಡೆದು ನಿಲ್ಲಿಸಿದರು. ರಾಜಧಾನಿಯ ಕಣ್ಣಿಗೆ ಬೀಳದ ಎಡೆಯಲ್ಲಿಯೂ ವೀರರು ಬೆಳೆಯಬಲ್ಲರೆಂಬುದೇ ಆ ಕಥೆಯ ತಿರುಳು.

ಆದರೆ ಪುರಾಣದಲ್ಲಿ ಯಜ್ಞದ ಕುದುರೆಯೇ ಹುಡುಗರಿದ್ದಲ್ಲಿಗೆ ಬಂದಿತು. ಇಂದಿನ ಕ್ರಿಕೆಟ್ಟಿನಲ್ಲಿ ಹುಡುಗನೇ ಕುದುರೆಯನ್ನು ಅರಸಿಕೊಂಡು ಹೋಗಬೇಕು. ರಾಗಿಯ ಕೊಯ್ಲು ಮುಗಿದ ಬಯಲಿನಲ್ಲಿ ಟೆನಿಸ್ ಚೆಂಡಿನಿಂದ ಆಡುವ ಬಾಲಕನಿಗೂ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೂ ನಡುವಿನ ದಾರಿ ನೂರು ಕಿಲೋಮೀಟರಿಗೆ ಸಮೀಪ. ಅದನ್ನು ಬಸ್ಸಿನಲ್ಲಿ ಕೆಲವು ಗಂಟೆಗಳಲ್ಲಿ ದಾಟಬಹುದು. ಆಟದಲ್ಲಿ ದಾಟಲು ಹತ್ತು ವರ್ಷವಾದರೂ ಸಾಲದು.

ಮೆಟ್ಟಿಲ ಮೇಲೆ ಮೆಟ್ಟಿಲು

1933ರಲ್ಲಿ ಮೈಸೂರು ಕ್ರಿಕೆಟ್ ಸಂಸ್ಥೆಯೆಂದು ಹುಟ್ಟಿ, 1973ರಲ್ಲಿ ರಾಜ್ಯದೊಡನೆ ಹೆಸರು ಬದಲಿಸಿಕೊಂಡ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಬೆಂಗಳೂರಿನ ಹೊರಗಣ ನಾಡನ್ನು ಮೈಸೂರು, ಮಂಗಳೂರು, ಶಿವಮೊಗ್ಗ, ತುಮಕೂರು, ಧಾರವಾಡ, ರಾಯಚೂರು ಎಂಬ ವಲಯಗಳನ್ನಾಗಿ ವಿಂಗಡಿಸಿದೆ. ವಲಯದ ಪಂದ್ಯಗಳಲ್ಲಿ ಗಮನಕ್ಕೆ ಬಂದ ಹುಡುಗನಿಗೆ ರಾಜ್ಯದ ಬಾಲಕರ ತಂಡದ ಬಾಗಿಲು ತೆರೆಯುತ್ತದೆ. ಹದಿನಾರರ ಒಳಗಿನವರಿಗೆ ವಿಜಯ್ ಮರ್ಚೆಂಟ್ ಟ್ರೋಫಿ. ಹತ್ತೊಂಬತ್ತರ ಒಳಗಿನವರಿಗೆ ಏಕದಿನದ ವಿನೂ ಮಂಕಡ್ ಟ್ರೋಫಿ ಮತ್ತು ನಾಲ್ಕು ದಿನಗಳ ಕೂಚ್ ಬೆಹಾರ್ ಟ್ರೋಫಿ. ಇಪ್ಪತ್ತಮೂರರ ಒಳಗಿನವರಿಗೆ ಸಿ. ಕೆ. ನಾಯುಡು ಟ್ರೋಫಿ. ಇವೆಲ್ಲದರ ಮೇಲೆ ರಣಜಿ.

ಮಳೆಗಾಲದಲ್ಲಿ ಸಂಸ್ಥೆಯು ಏರ್ಪಡಿಸುವ ಕ್ಯಾಪ್ಟನ್ ಕೆ. ತಿಮ್ಮಪ್ಪಯ್ಯ ಸ್ಮಾರಕ ಪಂದ್ಯಾವಳಿ ಒಂದು ಬಗೆಯ ಮುನ್ನುಡಿ. 2022ರಿಂದ ಮಹಾರಾಜ ಟ್ರೋಫಿಯೆಂಬ ಇಪ್ಪತ್ತು ಓವರುಗಳ ಪಂದ್ಯಾವಳಿಯೂ ಅದಕ್ಕೆ ಸೇರಿಕೊಂಡಿದೆ. ಅಕ್ಟೋಬರಿನಲ್ಲಿ ನಿಜವಾದ ಋತು ಮೊದಲಾಗುತ್ತದೆ. ಕೋಲಾರದ ಹೊಲಗಳಲ್ಲಿ ರಾಗಿಯ ತೆನೆ ಬಲಿಯುತ್ತಿರುವ ಕಾಲ ಅದು. ಆಗಲೇ ಪತ್ರಿಕೆಗಳ ಕ್ರೀಡಾಪುಟದಲ್ಲಿ ಹೊಸ ಹೆಸರುಗಳು ತಲೆಯೆತ್ತುತ್ತವೆ. ‘ಈ ಹುಡುಗ ಮೇಲೇರುತ್ತಾನೆ’ ಎಂದು ಒಬ್ಬರು, ‘ಇವನ ಕಾಲಿನ ಚಲನೆ ಸಾಲದು’ ಎಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ಎರಡು ಪಂದ್ಯ ಮುಗಿಯುವಷ್ಟರಲ್ಲಿ ತೀರ್ಪು ಗಟ್ಟಿಯಾಗಿಬಿಡುತ್ತದೆ. ಅದು ನ್ಯಾಯವೇ?

ಅಮೆರಿಕದ ಬೇಸಾಯ

ಈ ಪ್ರಶ್ನೆಗೆ ಉತ್ತರ ಹುಡುಕುವವರು ಅಮೆರಿಕದ ಬೇಸ್‌ಬಾಲ್ ಆಟವನ್ನು ಒಮ್ಮೆ ನೋಡಬೇಕು. ಅಲ್ಲಿ 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ ಎಂಬಾತನು ಸಣ್ಣ ಊರುಗಳ ತಂಡಗಳನ್ನು ತನ್ನ ದೊಡ್ಡ ತಂಡಕ್ಕೆ ಜೋಡಿಸಿಕೊಂಡು, ಆಟಗಾರರನ್ನು ಬೆಳೆ ತೆಗೆದಂತೆ ತೆಗೆಯುವ ಕ್ರಮವನ್ನು ರೂಢಿಗೆ ತಂದನು. ಆ ಕಿರಿಯ ತಂಡಗಳಿಗೆ ಜನರು ಹೊಲದ ಹೆಸರನ್ನೇ ಇಟ್ಟರು. ಕೋಲಾರದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೊಮೇಟೊ ಸಸಿಯನ್ನು ಮಡಿಯಲ್ಲಿ ಬೆಳೆಸಿ, ಬೇರು ಬಿಟ್ಟ ಮೇಲೆಯೇ ಹೊಲಕ್ಕೆ ನೆಡಬೇಕೆಂಬುದು ಅವನಿಗೆ ತಿಳಿದ ಮಾತು.

ಅಲ್ಲಿನ ಪ್ರಧಾನ ತಂಡಗಳು 30. ಒಂದೊಂದರ ಕೆಳಗೂ ನಾಲ್ಕು ಮೆಟ್ಟಿಲುಗಳ ಕಿರಿಯ ತಂಡಗಳಿದ್ದು, 2021ರ ಮರುವಿಂಗಡಣೆಯಿಂದ ಅವುಗಳ ಮೊತ್ತ 120 ಆಗಿದೆ. ಅವುಗಳಿಗಿಂತ ಕೆಳಗೆ ಹೊಸಬರ ತಂಡಗಳು ಬೇರೆ. ಬಣ್ಣದ ಗೋಡೆಯನ್ನು ಒಡೆದ ಜಾಕಿ ರಾಬಿನ್ಸನ್‌ ಕೂಡ 1947ರಲ್ಲಿ ಬ್ರೂಕ್ಲಿನ್ ತಂಡವನ್ನು ಸೇರುವ ಮೊದಲು, 1946ರ ಋತುವನ್ನು ಮಾಂಟ್ರಿಯಲ್‌ನ ಕಿರಿಯ ತಂಡದಲ್ಲಿ ಕಳೆಯಬೇಕಾಯಿತು.

ಆ ಮೆಟ್ಟಿಲನ್ನು ಇಬ್ಬರು ಭಾರತೀಯರೂ ಹತ್ತಿ ನೋಡಿದ್ದಾರೆ. ಉತ್ತರ ಪ್ರದೇಶದ ಭರ್ಜಿ ಎಸೆತಗಾರರಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ಒಂದು ಸ್ಪರ್ಧೆಯ ಮೂಲಕ ಆಯ್ಕೆಯಾಗಿ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದ ಮಾಡಿಕೊಂಡರು. ಈ ರಿಂಕು ಸಿಂಗ್ ಅದೇ ಹೆಸರಿನ ಕ್ರಿಕೆಟಿಗನಲ್ಲ. 2009ರ ಬೇಸಗೆಯಲ್ಲಿ ಇಬ್ಬರೂ ಕೆಳಗಿನ ಮೆಟ್ಟಿಲಿನ ತಂಡದಲ್ಲಿ ಚೆಂಡೆಸೆದರು. ದಿನೇಶ್‌ಗೆ 2010ರಲ್ಲಿಯೇ ಬಿಡುಗಡೆಯಾಯಿತು. ರಿಂಕು ಇನ್ನೊಂದು ಮೆಟ್ಟಿಲು ಏರಿ, ಗಾಯಗಳಿಗೆ ಸಿಲುಕಿ, ಕಡೆಗೆ ಕುಸ್ತಿಯ ಕಣಕ್ಕೆ ಹೊರಳಿದರು. ಸಸಿಮಡಿಯ ಎಲ್ಲ ಸಸಿಗಳೂ ಹೊಲ ಸೇರುವುದಿಲ್ಲವೆಂಬುದು ಅಲ್ಲಿಯೂ ನಿಜವೇ.

ಆದರೆ ಒಂದು ಅಂತರವುಂಟು. ಅಲ್ಲಿನ ಮೇಲಿನ ಮೆಟ್ಟಿಲಿನ ಕಿರಿಯ ತಂಡವು ಒಂದು ಋತುವಿನಲ್ಲಿ ಸುಮಾರು 150 ಪಂದ್ಯಗಳನ್ನು ಆಡುತ್ತದೆ. ಏಪ್ರಿಲ್ಲಿನಲ್ಲಿ ಎಡವಿದವನು ಜೂನಿನಲ್ಲಿ ಎದ್ದು ನಿಲ್ಲಬಹುದು. ಮೊದಲ ತಿಂಗಳ ಅಂಕಿಗಳನ್ನು ನಂಬಿ ಯಾರ ಹಣೆಬರಹವನ್ನೂ ಅಲ್ಲಿನ ಬಲ್ಲವರು ಬರೆಯುವುದಿಲ್ಲ. ಇತ್ತ 2024-25ರ ರಣಜಿಯಲ್ಲಿ ಕರ್ನಾಟಕಕ್ಕೆ ದೊರೆತ ಗುಂಪಿನ ಪಂದ್ಯಗಳು ಏಳೇ. ಏಳರಲ್ಲಿ ಎರಡು ಕೆಟ್ಟರೆ ಋತುವಿನ ಕಾಲು ಭಾಗಕ್ಕೂ ಹೆಚ್ಚು ಕಳೆದಂತಾಯಿತು. ಆಟಗಾರನಿಗೆ ತಾಳ್ಮೆ ಬೇಕಾದಷ್ಟೇ ಆಯ್ಕೆಗಾರನಿಗೂ ತಾಳ್ಮೆ ಬೇಕಾದುದು ಈ ಕಾರಣದಿಂದ.

ಸೊನ್ನೆಯಿಂದ ನೂರಕ್ಕೆ

ಭದ್ರಾವತಿಯ ಗುಂಡಪ್ಪ ವಿಶ್ವನಾಥರ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಆಳು ಕುಳ್ಳಗೆ, ಮೈ ಸಣ್ಣಗೆ. 1967ರಲ್ಲಿ ಆಂಧ್ರದ ವಿರುದ್ಧ ವಿಜಯವಾಡದಲ್ಲಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಅವರು 230 ರನ್ನು ಹೊಡೆದರು. ಎರಡು ವರ್ಷಗಳ ತರುವಾಯ, 1969ರಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್. ಮೊದಲ ಇನಿಂಗ್ಸಿನಲ್ಲಿ ಸೊನ್ನೆ! ಅಂದು ಸಂಜೆಯೇ ತೀರ್ಪು ಬರೆದಿದ್ದವರು ಎರಡನೆಯ ಇನಿಂಗ್ಸಿನ 137 ರನ್ನುಗಳನ್ನು ಕಂಡು ಲೇಖನಿಯನ್ನು ಕೆಳಗಿಡಬೇಕಾಯಿತು. 1973-74ರಲ್ಲಿ ಎರಪಳ್ಳಿ ಪ್ರಸನ್ನರ ನಾಯಕತ್ವದ ಕರ್ನಾಟಕವು, ಹದಿನೈದು ವರ್ಷ ಬಿಡದೆ ಗೆದ್ದಿದ್ದ ಬೊಂಬಾಯಿಯನ್ನು ಉರುಳಿಸಿ ಮೊದಲ ಸಲ ರಣಜಿಯನ್ನು ತಂದಾಗ, ಆ ತಂಡದಲ್ಲಿ ಅವರೂ ಇದ್ದರು.

ರಾಜಧಾನಿಯ ಹೊರಗಿನಿಂದ ಬಂದವರು ಅವರೊಬ್ಬರೇ ಅಲ್ಲ. ಗದುಗಿನ ಸುನಿಲ್ ಜೋಶಿಯವರು ಬಾಲ್ಯದಲ್ಲಿ ಬೆಳಗಾದರೆ ಹುಬ್ಬಳ್ಳಿಗೆ ಪ್ರಯಾಣ ಮಾಡಿ, ಅಭ್ಯಾಸ ಮುಗಿಸಿ, ಮತ್ತೆ ಶಾಲೆಗೆ ಹಿಂದಿರುಗುತ್ತಿದ್ದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಹತ್ತು ಓವರುಗಳಲ್ಲಿ 6 ರನ್ನು ಕೊಟ್ಟು 5 ವಿಕೆಟ್ಟು ಕಿತ್ತ ಬೆರಳುಗಳು ಅವರವೇ. ದಾವಣಗೆರೆಯ ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ನಾಯಕರಾಗಿ ರಣಜಿಯನ್ನು ಎರಡು ಸಲ ಎತ್ತಿ ಹಿಡಿದರು. ಅಭಿಮನ್ಯು ಮಿಥುನ್ ಹದಿನೇಳರವರೆಗೆ ಚಕ್ರ ಎಸೆತದಲ್ಲಿ ತೊಡಗಿದ್ದವರು. 2009ರಲ್ಲಿ ಮೀರತ್ತಿನಲ್ಲಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ ಹ್ಯಾಟ್ರಿಕ್ ಪಡೆದರು. ಇವರಲ್ಲಿ ಯಾರನ್ನು ಹದಿನಾರರ ವಯಸ್ಸಿನಲ್ಲಿ ಅಳೆದಿದ್ದರೂ ಅಳತೆಗೋಲು ತಪ್ಪುತ್ತಿತ್ತೇನೋ!

ಎರಡು ಜನವರಿಗಳು

2024ರ ಜನವರಿಯಲ್ಲಿ ಕೂಚ್ ಬೆಹಾರ್ ಅಂತಿಮ ಪಂದ್ಯ ಶಿವಮೊಗ್ಗದ ನವುಲೆ ಮೈದಾನದಲ್ಲಿ ನಡೆಯಿತು. ಯಜ್ಞದ ಕುದುರೆ ಆ ಸಲ ತಾನಾಗಿಯೇ ಮಲೆನಾಡಿಗೆ ಬಂದಿತ್ತು. ಮುಂಬಯಿಯ 380ಕ್ಕೆ ಉತ್ತರವಾಗಿ ಕರ್ನಾಟಕದ ಹುಡುಗರು 8 ವಿಕೆಟ್ಟಿಗೆ 890 ರನ್ನು ಪೇರಿಸಿದರು. ಅದರಲ್ಲಿ ಪ್ರಖರ್ ಚತುರ್ವೇದಿ ಒಬ್ಬರದೇ 404, ಎದುರಿಸಿದ ಚೆಂಡುಗಳು 638, ಔಟಾಗಲೂ ಇಲ್ಲ. ಆ ಟ್ರೋಫಿಯ ಅಂತಿಮ ಪಂದ್ಯದಲ್ಲಿ ನಾನೂರನ್ನು ಮುಟ್ಟಿದ ಮೊದಲಿಗರು ಅವರೇ. ಹಿಂದಿನ ದಾಖಲೆ ಯುವರಾಜ್ ಸಿಂಗರ 358.

ಮರುವರ್ಷದ ಜನವರಿಯಲ್ಲಿ ವಡೋದರದಲ್ಲಿ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯ. ಇಪ್ಪತ್ತೊಂದು ವರ್ಷದ ಆರ್. ಸ್ಮರಣ್ ಕರ್ನಾಟಕದ ಪರವಾಗಿ 101 ರನ್ನು ಹೊಡೆದರು. ತಂಡ 36 ರನ್ನುಗಳಿಂದ ಗೆದ್ದಿತು. ಸೋತ ವಿದರ್ಭದ ನಾಯಕರಾಗಿ ಎದುರು ನಿಂತಿದ್ದವರು ಯಾರು? ಕರ್ನಾಟಕದವರೇ ಆದ ಕರುಣ್ ನಾಯರ್! 2014-15ರ ರಣಜಿ ಅಂತಿಮ ಪಂದ್ಯದಲ್ಲಿ 328 ರನ್ನು, 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಅಜೇಯ 303 ರನ್ನು ಹೊಡೆದವರು ಅವರು. ಆ ಮುನ್ನೂರರ ನಂತರದ ಟೆಸ್ಟಿನಲ್ಲಿಯೇ ಅವರಿಗೆ ಎಡೆಯಿರಲಿಲ್ಲ. 2017ರಲ್ಲಿ ಮೂರು ಟೆಸ್ಟ್ ಆಡಿದ ಮೇಲೆ ಭಾರತದ ಬಾಗಿಲು ಮುಚ್ಚಿತು. ಮುಂದೆ ಕರ್ನಾಟಕದ ತಂಡದಿಂದಲೂ ಹೊರಬಿದ್ದು 2023ರಲ್ಲಿ ವಿದರ್ಭವನ್ನು ಸೇರಿದರು. ಅಲ್ಲಿ ಮತ್ತೆ ಮೊದಲ ಮೆಟ್ಟಿಲಿನಿಂದ ಏರಿದರು. ವಡೋದರದಲ್ಲಿ ಸೋತರೂ, ಅದೇ ಋತುವಿನ ರಣಜಿಯನ್ನು ವಿದರ್ಭಕ್ಕೆ ಗೆದ್ದುಕೊಡುವಲ್ಲಿ ಅಂತಿಮ ಪಂದ್ಯದ ಅವರ 86 ಮತ್ತು 135 ರನ್ನುಗಳು ನೆರವಾದವು. 2025ರ ಜೂನಿನಲ್ಲಿ, ಎಂಟು ವರ್ಷಗಳ ಬಳಿಕ, ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದರು. ಮೊದಲ ಇನಿಂಗ್ಸಿನಲ್ಲಿ ಅವರಿಗೂ ಸೊನ್ನೆಯೇ ಬಂದಿತು. ಆದರೆ ವಿಶ್ವನಾಥರಿಗೆ ಒಲಿದಂತೆ ಎರಡನೆಯ ಇನಿಂಗ್ಸು ಅವರಿಗೆ ಒಲಿಯಲಿಲ್ಲ. ಆಟವು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಸಾಲ ತೀರಿಸುವುದಿಲ್ಲ.

ಮನೆಯವರ ಪಾಲು

ಅಂಕಿಗಳ ಹಿಂದೆ ಒಂದೊಂದು ಮನೆಯುಂಟು. ಕೂಚ್ ಬೆಹಾರ್ ಪಂದ್ಯಗಳು ನಡೆಯುವ ಚಳಿಗಾಲವೇ ಪಿ.ಯು.ಸಿ. ಪರೀಕ್ಷೆಗೆ ಓದಬೇಕಾದ ಕಾಲ. ಬ್ಯಾಟು, ಪ್ಯಾಡು, ಬಸ್ಸಿನ ಖರ್ಚು, ನಗರದಲ್ಲಿ ತಂಗುವ ಕೋಣೆ, ಇವೆಲ್ಲದರ ಭಾರ ತಂದೆಯ ಹೆಗಲ ಮೇಲೆ. ಹತ್ತೊಂಬತ್ತು ದಾಟಿದ ಹುಡುಗನಿಗೆ ಆ ತಂಡದಲ್ಲಿ ಸ್ಥಳವಿಲ್ಲ. ಇಪ್ಪತ್ತಮೂರು ದಾಟಿದವನಿಗೆ ರಾಜ್ಯದ ಹಿರಿಯರ ತಂಡವೊಂದೇ ಉಳಿದ ಬಾಗಿಲು. ಅದರಲ್ಲಿ ಆಡುವವರು ಹನ್ನೊಂದೇ ಜನ. ಉಳಿದವರಲ್ಲಿ ಕೆಲವರು ಕೆಲಸ ಹಿಡಿಯುತ್ತಾರೆ, ಕೆಲವರು ಊರಿಗೆ ಮರಳಿ ಎಳೆಯರಿಗೆ ಆಟ ಕಲಿಸುತ್ತಾರೆ. ಅವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಆದರೆ ಮುಂದಿನ ಸಸಿಗೆ ನೀರೆರೆಯುವವರು ಅವರೇ.

ರಾಗಿಯ ಪೈರನ್ನು ಮೊದಲ ತಿಂಗಳ ಎಲೆಯನ್ನು ನೋಡಿ ಯಾವ ರೈತನೂ ಬೆಲೆ ಕಟ್ಟುವುದಿಲ್ಲ. ಕಣಕ್ಕೆ ಬಂದ ಮೇಲೆಯೇ ಅಳೆಯುತ್ತಾನೆ. ಅಕ್ಟೋಬರಿನ ಮೊದಲ ಪಂದ್ಯಗಳಲ್ಲಿ ಹೊಸ ಹೆಸರನ್ನು ಓದುವ ಅಭಿಮಾನಿಗೂ ಆ ವಿವೇಕ ಶೋಭಿಸುತ್ತದೆ. ಆವನಿಯ ಬೆಟ್ಟದ ಕೆಳಗಿನ ಬಯಲಿನಲ್ಲಿ ಸಂಜೆಯ ಬೆಳಕು ಇಳಿಯುವವರೆಗೂ ಆಡುವ ಹುಡುಗರಲ್ಲಿ ಕುದುರೆಯನ್ನು ಕಟ್ಟಿಹಾಕುವ ಲವನಿರಬಹುದು, ಕುಶನಿರಬಹುದು. ಇಲ್ಲದಿರಲೂಬಹುದು. ಅದನ್ನು ತಿಳಿಯಲು ಕಾಯದೆ ಬೇರೆ ದಾರಿಯಿಲ್ಲ.